ಮೂರೇ ಸಾಮಾನಿನ ಅಡುಗೆಗೆ ಕ್ರೀಮ್ ಯಾಕೆ?

ಕಾಚೊ ಎ ಪೇಪೆ ಅನ್ನೋ ಪಾಸ್ತಾಕ್ಕೆ ಕ್ರೀಮ್ ಸುರಿಯುವವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಮೊನ್ನೆ ಶನಿವಾರ ಅತ್ತಿಗೆಯ ಹುಟ್ಟುಹಬ್ಬಕ್ಕೆ ಅಂತ ಇಂದಿರಾನಗರದ ಒಂದು ಇಟಾಲಿಯನ್ ರೆಸ್ಟೋರೆಂಟಿಗೆ ಹೋಗಿ ಬಂದಮೇಲೆ ಅದು ಇನ್ನೂ ಜಾಸ್ತಿಯಾಗಿದೆ. ಹೆಸರು ಕೇಳಬೇಡಿ. ಆ ಕಡೆ ಇಂಥವು ಬೀದಿಗೆರಡಿವೆ, ರುಚಿಯೂ ಹೆಚ್ಚುಕಮ್ಮಿ ಒಂದೇ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಇದು ರೋಮ್ ಕಡೆಯ ಅಡುಗೆ. ಪಾಸ್ತಾ, ಪೆಕೊರಿನೊ ರೊಮಾನೊ ಅನ್ನೋ ಕುರಿಹಾಲಿನ ಉಪ್ಪುಪ್ಪು ಚೀಸ್, ಕರಿಮೆಣಸು. ಮುಗೀತು. ಬೆಳ್ಳುಳ್ಳಿ ಇಲ್ಲ, ಕ್ರೀಮಂತೂ ಇಲ್ಲವೇ ಇಲ್ಲ. ಹಾಗಾದರೆ ಆ ನುಣುಪು ಎಲ್ಲಿಂದ ಬರುತ್ತೆ? ಪಾಸ್ತಾ ಬೆಂದ ನೀರಿನಿಂದ. ಬೇಯುವಾಗ ಪಾಸ್ತಾದ ಪಿಷ್ಟ ಆ ನೀರಿಗೆ ಇಳಿದಿರುತ್ತೆ. ಉರಿ ಆರಿಸಿ, ತುರಿದ ಚೀಸಿನ ಜೊತೆ ಆ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಜೋರಾಗಿ ಕಲಸಿದರೆ ಚೀಸಿನ ಕೊಬ್ಬೂ ನೀರೂ ಬೇರೆಯಾಗದೆ ಒಂದಾಗುತ್ತವೆ. ಬಿಸಿ ಹೆಚ್ಚಾದರೆ ಚೀಸ್ ರಬ್ಬರಿನ ಹಾಗೆ ಉಂಡೆಕಟ್ಟುತ್ತೆ. ರಾಗಿ ಮುದ್ದೆ ಥರವೇ ಇದು: ಇರೋದು ಹಿಟ್ಟು, ನೀರು, ತಿರುವೋ ಕೈ. ಗಂಟು ಬಿದ್ದರೆ ಮುಚ್ಚಿಡೋಕೆ ಬೇರೇನೂ ಇಲ್ಲ.

ನಾನು ಇಟಲಿ ನೋಡಿದವಳಲ್ಲ. ಆದರೆ ಮನೆಯಲ್ಲಿ ಇದನ್ನು ಮಾಡ್ತೀನಿ, ಹಾಗಾಗಿ ಎಲ್ಲಿ ಕೈಕೊಡುತ್ತೆ ಅನ್ನೋದು ಗೊತ್ತು. ಹೋಟೆಲ್ಲಿನವರು ಕ್ರೀಮ್ ಹಾಕೋದು ಆ ಭಯಕ್ಕೇ. ಕ್ರೀಮ್ ಸಾಸು ಅಷ್ಟು ಸುಲಭಕ್ಕೆ ಒಡೆಯಲ್ಲ. ಬೆಳಗ್ಗೆ ಮಾಡಿ ಫ್ರಿಜ್ಜಿನಲ್ಲಿಟ್ಟು, ಆರ್ಡರ್ ಬಂದಾಗ ಬಿಸಿಮಾಡಿ ಸುರಿದರಾಯಿತು. ಆಲ್ಫ್ರೆಡೊ ಪಾಸ್ತಾಕ್ಕೂ ಇದೇ ಗತಿಯಾಯಿತು. ರೋಮ್‌ನಲ್ಲಿ ಆಲ್ಫ್ರೆಡೊ ದಿ ಲೆಲಿಯೊ ಅನ್ನೋ ಹೋಟೆಲ್ಲಿನವರು ಮಾಡುತ್ತಿದ್ದದ್ದು ಬರೀ ಬೆಣ್ಣೆ, ಪಾರ್ಮೆಸಾನ್ ಚೀಸ್ ಹಾಕಿ. ಕ್ರೀಮ್ ಸೇರಿದ್ದು ಅಮೆರಿಕದಲ್ಲಿ. ನಮ್ಮ ಊರಿನ 'ವೈಟ್ ಸಾಸ್ ಪಾಸ್ತಾ' ಇನ್ನೊಂದು ಹೆಜ್ಜೆ ಮುಂದೆ, ಅದಕ್ಕೆ ಮೈದಾ ಬೇರೆ. ಅದನ್ನು ಅದೇ ಹೆಸರಲ್ಲಿ ಇನ್ನೂರು ರೂಪಾಯಿಗೆ ಕೊಟ್ಟರೆ ನನ್ನದೇನೂ ತಕರಾರಿಲ್ಲ, ಖುಷಿಯಾಗಿಯೇ ತಿಂತೀನಿ. ಇಲ್ಲಿ ತಗೊಂಡದ್ದು 695 ರೂಪಾಯಿ.

ಬಂದದ್ದೇನು? ಅಗಲವಾದ ತಟ್ಟೆಯ ನಡುವೆ ಒಂದು ಹಿಡಿ ಪಾಸ್ತಾ, ಸುತ್ತ ಬಿಳಿ ಮಡು. ಪಾಸ್ತಾ ಮೊದಲೇ ಪೂರ್ತಿ ಬೇಯಿಸಿ ಎಣ್ಣೆ ಸವರಿಟ್ಟದ್ದು ಅಂತ ಮೊದಲ ತುತ್ತಿಗೇ ತಿಳೀತು. ಹಲ್ಲಿಗೆ ಎಲ್ಲೂ ಸಿಗದಷ್ಟು ಮೆತ್ತಗೆ, ಸಾಸು ಮೈಗಂಟದೆ ಜಾರ್ತಿತ್ತು. ಉಪ್ಪಂತೂ ಕೇಳಲೇಬೇಡಿ. ಪಾಸ್ತಾ ಬೇಯಿಸುವ ನೀರಿಗೆ ಉಪ್ಪು ಹಾಕಲಿಕ್ಕೆ ಯಾವ ಇಂಪೋರ್ಟ್ ಲೈಸೆನ್ಸ್ ಬೇಕು, ಹೇಳಿ?

ಆದರೆ ನಿಜವಾಗಿ ಹೊಟ್ಟೆ ಉರಿದದ್ದು ಮೆಣಸಿಗೆ. ಚೀಸ್ ಇಟಲಿಯಿಂದ ತರಿಸಿದ್ದು ಅಂತ ಮೆನುವಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದಾರೆ. ಮೆಣಸು? ಡಬ್ಬಿಯಿಂದ ಉದುರಿಸಿದ ಬೂದಿ ಬಣ್ಣದ ಪುಡಿ. ಎರಡು ಸಾವಿರ ವರ್ಷದ ಹಿಂದೆ ಮಲಬಾರ್ ಕರಾವಳಿಯಿಂದ ಹಡಗು ತುಂಬಿಸಿಕೊಂಡು ರೋಮಿಗೆ ಒಯ್ಯುತ್ತಿದ್ದ ಸರಕು ಇದು. ಬರೀ ಖಾರಕ್ಕಾಗಿ ಇದನ್ನು ಚಿನ್ನ ಬೆಳ್ಳಿಯ ಹಾಗೆ ತೂಗಿ ಕೊಳ್ತಾರಲ್ಲ ಅಂತ ರೋಮಿನ ಬರಹಗಾರ ಪ್ಲಿನಿ ಆಗಲೇ ಗೊಣಗಿದ್ದ. ಇವತ್ತು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಬಳ್ಳಿಯಲ್ಲಿ ಬೆಳೆಯುತ್ತೆ, ಬೆಂಗಳೂರಿಗೆ ಕೆಲವೇ ಗಂಟೆಗಳ ದಾರಿ. ಕಾಳನ್ನು ಒಣ ಬಾಣಲೆಯಲ್ಲಿ ಸ್ವಲ್ಪ ಹುರಿದು ಆಗಿಂದಾಗ ಜಜ್ಜಿದರೆ ಇಡೀ ಅಡುಗೆಮನೆ ಘಮ್ ಅನ್ನುತ್ತೆ. ಪುಡಿ ಮಾಡಿಟ್ಟರೆ ಆ ಘಮದ ಎಣ್ಣೆ ಹಾರಿಹೋಗಿ ಗಂಟಲು ಕೆರೆಯುವ ಖಾರವೊಂದೇ ಉಳಿಯುತ್ತೆ. ಮೂರು ಸಾಮಾನಿನಲ್ಲಿ ಒಂದು ನಮ್ಮದೇ, ಅದೇ ಎಲ್ಲಕ್ಕಿಂತ ಕಳಪೆ!

ಪಿಜ್ಜಾ ಬಗ್ಗೆ ಹೆಚ್ಚು ಬರೆಯಲ್ಲ. ಬಾಗಿಲಲ್ಲೇ ದೊಡ್ಡ ಸೌದೆ ಒಲೆ ಇಟ್ಟಿದ್ದಾರೆ, ಎಲ್ಲರೂ ಅದರ ಮುಂದೆ ಸೆಲ್ಫಿ. ನೇಪಲ್ಸಿನ ಪಿಜ್ಜಾ 485 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿಯಲ್ಲಿ 60ರಿಂದ 90 ಸೆಕೆಂಡಿಗೆ ಬೇಯಬೇಕು, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳಬೇಕು. ಇಲ್ಲಿ ಅಂಚು ಬಿಳಿಚಿಕೊಂಡಿತ್ತು, ನಡುವೆ ಹಿಟ್ಟು ಹಸಿ. 'ಮೇಡಂ, ಒರಿಜಿನಲ್ ಇರೋದೇ ಹೀಗೆ, ಮಧ್ಯ ಒದ್ದೆ' ಅಂದ ಹುಡುಗ. ಅರ್ಧ ನಿಜ, ನೇಪಲ್ಸಿನದು ನಡುವೆ ಮೆತ್ತಗೇ ಇರುತ್ತೆ. ಮೆತ್ತಗಿರೋದು ಬೇರೆ, ಬೇಯದೇ ಇರೋದು ಬೇರೆ. ಮೆನುವಿನಲ್ಲಿ ಮಾತ್ರ 1889ರಲ್ಲಿ ಇಟಲಿಯ ರಾಣಿ ಮಾರ್ಗರೀಟಾ ಪಿಜ್ಜಾ ತಿಂದ ಕತೆ ಅರ್ಧ ಪುಟ. ಆ ಕತೆಯ ಬಗ್ಗೆ ಇತಿಹಾಸಕಾರರಿಗೇ ಅನುಮಾನವಿದೆ, ಇರಲಿ.

ಅತ್ತಿಗೆ ಕಟ್ಟಾ ಸಸ್ಯಾಹಾರಿ. ಅಸಲಿ ಪೆಕೊರಿನೊ ರೊಮಾನೊ ಮಾಡುವಾಗ ಹಾಲು ಒಡೆಸೋದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಪಾರ್ಮಿಜಾನೊ ರೆಜಾನೊಗೆ, ಅಂದರೆ ಅಸಲಿ ಪಾರ್ಮೆಸಾನ್‌ಗೆ, ಕರುವಿನದು. ಮೆನುವಿನಲ್ಲಿ ಆ ಪಾಸ್ತಾದ ಮುಂದೆ ಹಸಿರು ಚುಕ್ಕಿ. ಆರ್ಡರ್ ಮಾಡುವಾಗಲೇ ಕೇಳಿದೆ. ಹುಡುಗ ಒಳಗೆ ಹೋಗಿ ಬಂದು 'ಪ್ಯೂರ್ ವೆಜ್ ಮೇಡಂ' ಅಂದ. ಹಾಗಾದರೆ ಇಟಲಿಯ ಅಸಲಿ ಚೀಸ್ ಅನ್ನೋದು ಸುಳ್ಳು, ಇಲ್ಲ ಹಸಿರು ಚುಕ್ಕಿ ಸುಳ್ಳು. ಎರಡೂ ನಿಜವಾಗೋಕೆ ಸಾಧ್ಯವಿಲ್ಲ. ಅವನನ್ನು ಬೈದು ಏನು ಪ್ರಯೋಜನ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅತ್ತಿಗೆ ಮಾತಾಡದೆ ಬರೀ ಟೊಮೆಟೊ ಪಾಸ್ತಾ ಹೇಳಿದರು. ಅದೊಂದೇ ತಿನ್ನೋ ಹಾಗಿತ್ತು ಅನ್ನೋದು ಬೇರೆ ಮಾತು.

ಬಿಲ್ಲಿನಲ್ಲಿ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಗ್ರಾಹಕರನ್ನು ಕೇಳದೆ ಹೀಗೆ ಸೇರಿಸಬಾರದು ಅಂತ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೀರಿ ಅಂದೆ. ಮ್ಯಾನೇಜರ್ 'ಎಲ್ಲರೂ ಕೊಡ್ತಾರಲ್ಲ ಮೇಡಂ' ಅಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದಮೇಲೆ ಹೊಸ ಬಿಲ್ ಬಂತು. ಹುಡುಗನ ಕೈಗೆ ಬೇರೆಯಾಗಿ ಟಿಪ್ಸ್ ಕೊಟ್ಟೆ.

ಬೆಂಗಳೂರಲ್ಲಿ ಕ್ರೀಮ್ ಮುಟ್ಟದೆ ಕಾಚೊ ಎ ಪೇಪೆ ಮಾಡುವ ಜಾಗ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಸೌದೆ ಒಲೆ ಬೇಡ, ರಾಣಿ ಕತೆ ಬೇಡ, ಪಾರ್ಕಿಂಗ್ ಇಲ್ಲದಿದ್ದರೂ ಪರವಾಗಿಲ್ಲ, ಮೆಟ್ರೋದಲ್ಲಿ ಬರ್ತೀನಿ.