ಸಾಂಗ್ ಜಿಯಾವ್‌ರೆನ್ ತಿಂದ ಕಪಾಳಮೋಕ್ಷ

1912ರ ಆಗಸ್ಟ್ 25. ಬೀಜಿಂಗ್‌ನಲ್ಲಿ ಒಂದು ದೊಡ್ಡ ಸಭೆ. ಐದು ಪಕ್ಷಗಳು ಸೇರಿ ಒಂದೇ ಪಕ್ಷ ಆಗುತ್ತಿವೆ, ಹೆಸರು ಕ್ವೊಮಿಂಟಾಂಗ್. ಕ್ರಾಂತಿಯ ಹಿರಿಯ ನಾಯಕ ಸುನ್ ಯಾತ್ ಸೆನ್ ಕೂಡ ಬಂದಿದ್ದಾರೆ. ಅಂಥ ಸಭೆಯಲ್ಲಿ ತಾಂಗ್ ಚುನ್‌ಯಿಂಗ್ ಅನ್ನುವ ಹೆಂಗಸು ಸೀದಾ ಹೋಗಿ, ಆ ಪಕ್ಷವನ್ನು ಕಟ್ಟಿ ನಿಲ್ಲಿಸಿದ ಮೂವತ್ತು ವರ್ಷದವನ ಕಪಾಳಕ್ಕೆ ಬಾರಿಸಿದಳು. ಎಲ್ಲರ ಎದುರಿಗೇ.

ಏಟು ತಿಂದವನು ಸಾಂಗ್ ಜಿಯಾವ್‌ರೆನ್. ಚೀನಾದ ಕ್ರಾಂತಿ ಅಂದರೆ ನಮಗೆಲ್ಲ ಮಾವೋ ನೆನಪಾಗುತ್ತಾನೆ, ಈತನ ಹೆಸರು ಕೇಳಿದವರು ಕಡಿಮೆ. ಆದರೆ ಚೀನಾಕ್ಕೆ ಬೇರೆ ಒಂದು ದಾರಿ ಇತ್ತು ಅನ್ನುವುದಾದರೆ ಅದು ಈತನ ಜೊತೆಗೇ ಹೋಯಿತು ಅಂತ ನಾನು ನಂಬಿದ್ದೇನೆ. ಹಾಗಂತ ಇದು ಹೊಗಳಿಕೆ ಬರಹ ಅಲ್ಲ. ಆ ಏಟು ಅವನಿಗೆ ಬೀಳಬೇಕಾದ್ದೇ ಆಗಿತ್ತು ಅಂತಲೂ ನನಗೆ ಅನಿಸುತ್ತದೆ.

ಹುನಾನ್ ಪ್ರಾಂತ್ಯದ ತಾವೊಯುವಾನ್‌ನಲ್ಲಿ 1882ರಲ್ಲಿ ಹುಟ್ಟಿದವನು. 1904ರಲ್ಲಿ ಗೆಳೆಯ ಹುವಾಂಗ್ ಶಿಂಗ್ ಜೊತೆ ಸೇರಿ, ಚೀನಾವನ್ನು ಆಳುತ್ತಿದ್ದ ಚಿಂಗ್ ರಾಜವಂಶವನ್ನು ಉರುಳಿಸಲು ಗುಪ್ತ ಸಂಘ ಕಟ್ಟಿದ. ರಾಜಮಾತೆ ಸಿಶಿಯ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ ದಂಗೆ ಏಳಬೇಕು ಅನ್ನುವುದು ಪ್ಲಾನು. ಗುಟ್ಟು ರಟ್ಟಾಯಿತು, ಜಪಾನಿಗೆ ಓಡಿದ. ಟೋಕಿಯೋದಲ್ಲಿ ಎಲ್ಲರೂ ಬಾಂಬು, ಬಂದೂಕಿನ ಮಾತಾಡುತ್ತಿದ್ದಾಗ ಈ ಪುಣ್ಯಾತ್ಮ ಬೇರೆ ಬೇರೆ ದೇಶಗಳ ಸಂವಿಧಾನ, ಆಡಳಿತದ ಪುಸ್ತಕಗಳನ್ನು ಚೀನೀ ಭಾಷೆಗೆ ಅನುವಾದ ಮಾಡುತ್ತಾ ಕೂತಿದ್ದ. ಮನೆ ಕೆಡವುವ ಮೊದಲೇ ಹೊಸ ಮನೆಯ ನಕ್ಷೆ ಬರೆಯುವ ಜನ ಇರುತ್ತಾರಲ್ಲ, ಅಂಥವನು.

ಅವನ ಸ್ವಭಾವ ಗೊತ್ತಾಗಬೇಕಾದರೆ ಜಿಯಾನ್‌ದಾವ್ ಕಥೆ ಕೇಳಬೇಕು. ಕೊರಿಯಾ ಗಡಿಯ ಆ ಜಾಗದ ಮೇಲೆ ಜಪಾನ್ ಕಣ್ಣು ಹಾಕಿತ್ತು. ಈತ ಮಂಚೂರಿಯಾಕ್ಕೆ ಹೋಗಿದ್ದು ಅಲ್ಲಿ ಕುದುರೆ ಏರಿ ಬರುವ ದರೋಡೆಕೋರರನ್ನು ಕ್ರಾಂತಿಗೆ ಎಳೆಯೋಣ ಅಂತ. ಆದರೆ ಈ ಗಡಿಯ ತಕರಾರು ಕಣ್ಣಿಗೆ ಬಿದ್ದಮೇಲೆ ಸುಮ್ಮನಿರಲಾಗಲಿಲ್ಲ. ಹಳೇ ದಾಖಲೆಗಳನ್ನೆಲ್ಲ ಕೆದಕಿ, ಆ ಜಾಗ ಚೀನಾದ್ದೇ ಅಂತ ಒಂದು ಪುಸ್ತಕವನ್ನೇ ಬರೆದ. ಅದು ಸಿಕ್ಕಿದ್ದು ಯಾರಿಗೆ? ಇವನು ಉರುಳಿಸಬೇಕು ಅಂತ ಹೊರಟಿದ್ದ ಚಿಂಗ್ ಸರ್ಕಾರಕ್ಕೇ! ಜಪಾನ್ ಜೊತೆ ಮಾತುಕತೆಯಲ್ಲಿ ಅವರಿಗೆ ಅದು ಕೆಲಸಕ್ಕೆ ಬಂತು. ಕೆಲಸ ಕೊಡುತ್ತೇವೆ ಬಾ ಅಂದರು, ಇವನು ಹೋಗಲಿಲ್ಲ.

1911ರ ಅಕ್ಟೋಬರ್‌ನಲ್ಲಿ ವೂಚಾಂಗ್ ನಗರದಲ್ಲಿ ಚಿಂಗ್ ವಿರುದ್ಧ ದಂಗೆ, ಮರುವರ್ಷ ಗಣರಾಜ್ಯ. ಸುನ್ ಕೆಲವೇ ವಾರ ಅಧ್ಯಕ್ಷರಾಗಿದ್ದು, ಕುರ್ಚಿಯನ್ನು ಸೇನೆ ಕೈಯಲ್ಲಿದ್ದ ಯುವಾನ್ ಶಿಕೈಗೆ ಬಿಟ್ಟುಕೊಟ್ಟರು. ಸಾಂಗ್ ಕೃಷಿ ಮಂತ್ರಿ ಆದ, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟ. ಅವನ ಲೆಕ್ಕ ಬೇರೆಯೇ ಇತ್ತು. ಅಧ್ಯಕ್ಷ ಯಾರಾದರೂ ಆಗಿರಲಿ, ಸಂಸತ್ತಿನಲ್ಲಿ ಬಹುಮತ ಇದ್ದವರು ಸರ್ಕಾರ ನಡೆಸಲಿ, ಯುವಾನ್ ಬರೀ ಸಹಿ ಹಾಕಿಕೊಂಡು ಕೂತಿರಲಿ. ಇದು ಆಗಬೇಕಾದರೆ ತಲೆ ಎಣಿಕೆ ಬೇಕಲ್ವಾ? ಅದಕ್ಕೇ ಟೋಕಿಯೋದಲ್ಲಿ ಸುನ್ ಮುಂದಾಳತ್ವದಲ್ಲಿ ಹುಟ್ಟಿದ್ದ ಹಳೇ ಕ್ರಾಂತಿ ಸಂಘದ ಜೊತೆ ನಾಲ್ಕು ಸಣ್ಣ ಪಕ್ಷಗಳನ್ನು ಸೇರಿಸಿಕೊಂಡ. ಆ ಕೂಡಿಕೆಯ ಚೌಕಾಸಿಯಲ್ಲಿ ಹಳೇ ಸಂಘದ ಕಾರ್ಯಕ್ರಮದಲ್ಲಿದ್ದ ಒಂದು ಸಾಲು ಹೊರಗೆ ಬಿತ್ತು. ಹೆಣ್ಣು ಗಂಡು ಸಮಾನ ಅನ್ನುವ ಸಾಲು.

ತಾಂಗ್ ಚುನ್‌ಯಿಂಗ್ ಯಾರೋ ದಾರಿಹೋಕಳಲ್ಲ. ಆಕೆಯೂ ಹುನಾನಿನವಳು, ಟೋಕಿಯೋ ದಿನಗಳಿಂದ ಅದೇ ಸಂಘದಲ್ಲಿದ್ದವಳು, ಕ್ರಾಂತಿಯಲ್ಲಿ ಹೆಂಗಸರ ದಳ ಕಟ್ಟಿದವಳು. ಗೆದ್ದ ಮೇಲೆ "ನಿಮ್ಮ ಸಾಲು ಬಿಟ್ಟಿದ್ದೇವೆ" ಅಂದರೆ ಕೈ ಎತ್ತದೆ ಏನು ಮಾಡಬೇಕಿತ್ತು?

ಚುನಾವಣೆ 1912ರ ಕೊನೆಗೆ ಶುರುವಾಗಿ 1913ರ ಮೊದಲಲ್ಲಿ ಮುಗಿಯಿತು. ಓಟು ಯಾರಿಗೆ ಗೊತ್ತಾ? 21 ತುಂಬಿದ ಗಂಡಸಾಗಿರಬೇಕು, ಎರಡು ಯುವಾನ್ ತೆರಿಗೆ ಕಟ್ಟಿರಬೇಕು, ಇಲ್ಲವೇ 500 ಯುವಾನ್ ಆಸ್ತಿ, ಅದೂ ಇಲ್ಲದಿದ್ದರೆ ಪ್ರಾಥಮಿಕ ಶಾಲೆ ಮುಗಿಸಿರಬೇಕು. ಅಫೀಮು ಸೇದುವವರಿಗೆ ಓಟಿಲ್ಲ. ಇಷ್ಟೆಲ್ಲ ಸೋಸಿದ ಮೇಲೂ ಸುಮಾರು 4 ಕೋಟಿ ಮತದಾರರು, ಜನಸಂಖ್ಯೆಯ ಹತ್ತನೇ ಒಂದು ಪಾಲು. ಕೆಳಮನೆಯ 596 ಸ್ಥಾನಗಳಲ್ಲಿ 269 ಕ್ವೊಮಿಂಟಾಂಗ್‌ಗೆ ಬಂತು, ಉಳಿದವರೆಲ್ಲ ಎಷ್ಟೋ ಹಿಂದೆ. ಲೆಕ್ಕ ಪಕ್ಕಾ ಆಗಿತ್ತು. ಪ್ರಧಾನಿ ಆಗುವವನು ಸಾಂಗ್ ಅಂತ ಎಲ್ಲರಿಗೂ ಗೊತ್ತಿತ್ತು, ಯುವಾನ್‌ಗೂ.

ಮಾರ್ಚ್ 20ರ ರಾತ್ರಿ ಬೀಜಿಂಗ್‌ಗೆ ಹೊರಡಲು ಶಾಂಘೈ ರೈಲು ನಿಲ್ದಾಣಕ್ಕೆ ಬಂದ. ಕಳಿಸಿಕೊಡಲು ಗೆಳೆಯರಾದ ಹುವಾಂಗ್ ಶಿಂಗ್, ಯೂ ಯೌರೆನ್ ಎಲ್ಲ ಬಂದಿದ್ದರು. ಟಿಕೆಟ್ ತೋರಿಸುವ ಗೇಟಿನ ಹತ್ತಿರ ಹಿಂದಿನಿಂದ ಗುಂಡು ಬಿತ್ತು. ಎರಡು ರಾತ್ರಿ ನರಳಿ, 22ರ ಬೆಳಗಿನ ಜಾವ ಹೋದ. ಮೂವತ್ತೊಂದು ತುಂಬಲು ಎರಡು ವಾರ ಬಾಕಿ ಇತ್ತು. ಟೋಕಿಯೋ, ಬೀಜಿಂಗ್, ನಾನ್‌ಜಿಂಗ್‌ನಲ್ಲಿರುವ ನನ್ನ ಪುಸ್ತಕಗಳನ್ನೆಲ್ಲ ನಾನ್‌ಜಿಂಗ್ ಲೈಬ್ರರಿಗೆ ಕೊಟ್ಟುಬಿಡಿ, ಅಮ್ಮನನ್ನು ನೋಡಿಕೊಳ್ಳಿ ಅಂತ ಹೇಳಿದ. ಪುಸ್ತಕದ ಮಾತು ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಗುಂಡು ಹೊಡೆದವನು ಸಿಕ್ಕಿಬಿದ್ದ. ಅವನನ್ನು ಗೊತ್ತುಮಾಡಿದ ಯಿಂಗ್ ಗುಯಿಶಿನ್ ಮನೆಯಲ್ಲಿ ತಂತಿ ಸಂದೇಶಗಳು ಸಿಕ್ಕವು, ಅವುಗಳ ಜಾಡು ಗೃಹ ಇಲಾಖೆಯ ಕಾರ್ಯದರ್ಶಿ ಹೋಂಗ್ ಶುಜು ತನಕ ಹೋಯಿತು. ಅಲ್ಲಿಂದ ಮೇಲಕ್ಕೆ ಪ್ರಧಾನಿ ಝಾವೊ ಬಿಂಗ್‌ಜುನ್. ಹೊಡೆದವನು ಜೈಲಿನಲ್ಲೇ ಸತ್ತ. ಯಿಂಗ್‌ನನ್ನು ರೈಲಿನಲ್ಲಿ ಕೊಂದರು. ಝಾವೊ ಇದ್ದಕ್ಕಿದ್ದಂತೆ ತೀರಿಕೊಂಡ. ಹೋಂಗ್ 1919ರಲ್ಲಿ ಗಲ್ಲಿಗೇರಿದ. ಖುದ್ದು ಯುವಾನ್ ಹೇಳಿ ಮಾಡಿಸಿದನೇ ಅನ್ನುವುದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ.

ಇಲ್ಲಿ ಒಂದು ಮಾಮೂಲಿ ಮಾತು ಬರುತ್ತದೆ: ಸಾಂಗ್ ಪುಸ್ತಕದ ಹುಳು, ಕೋವಿ ಹಿಡಿದವನ ಮುಂದೆ ಕಾಗದ ಹಿಡಿದು ನಿಂತ ಪೆದ್ದ ಅಂತ. ನಾನು ಒಪ್ಪಲ್ಲ. ಕಾಗದ ಅಷ್ಟು ಸಪ್ಪೆ ಆಗಿದ್ದರೆ ಅವನನ್ನು ಕೊಲ್ಲುವ ದರ್ದು ಯಾರಿಗಿತ್ತು? ಅವನು ಎಡವಿದ್ದು ಬೇರೆ ಕಡೆ. ಎಣಿಸುವುದಕ್ಕೆ ತಲೆಗಳನ್ನು ಕೂಡಿಸಿದ, ಅದರಲ್ಲಿ ಬಹಳಷ್ಟು ಯುವಾನ್‌ನ ದುಡ್ಡಿಗೆ ಅಲುಗಾಡುವ ತಲೆಗಳು. ಜಗಳಕ್ಕೆ ನಿಲ್ಲುವ ಜನವನ್ನು ಬಾಗಿಲ ಹೊರಗೆ ಬಿಟ್ಟ. ಆ ಬೇಸಿಗೆಯಲ್ಲಿ ಯುವಾನ್ ವಿರುದ್ಧ ಎದ್ದ ದಂಗೆ ಎರಡು ತಿಂಗಳಲ್ಲಿ ಮಕಾಡೆ ಮಲಗಿತು, ವ್ಯಾಪಾರಿಗಳು ಯುವಾನ್ ಕಡೆಗೇ ವಾಲಿದರು. ನವೆಂಬರ್‌ನಲ್ಲಿ ಪಕ್ಷಕ್ಕೆ ನಿಷೇಧ, ಜನವರಿಯಲ್ಲಿ ಸಂಸತ್ತಿಗೆ ಬೀಗ. ಓಟು ಹಾಕಿದ್ದ ಆಸ್ತಿವಂತ ಗಂಡಸರು ಯಾರ ಕಪಾಳಕ್ಕೂ ಬಾರಿಸಲು ಬರಲಿಲ್ಲ.

ಶಾಂಘೈನ ಝಾಬೇ ಪಾರ್ಕಿನಲ್ಲಿ ಅವನ ಸಮಾಧಿ ಇದೆ, ಕೂತ ಪ್ರತಿಮೆಯೂ ಇದೆ. ಅವತ್ತು ನಿಲ್ದಾಣದಲ್ಲಿ ಜೊತೆಗಿದ್ದ ಯೂ ಯೌರೆನ್ ಅದಕ್ಕೆ ಸಾಲು ಬರೆದುಕೊಟ್ಟ. ಇದ್ದದ್ದನ್ನು ನೇರ ಬರೆದರೆ ಮನುಷ್ಯರು ಕೊಲ್ಲುತ್ತಾರೆ, ತಿರುಚಿ ಬರೆದರೆ ದೇವರು ಕೊಲ್ಲುತ್ತಾನೆ, ನಾನು ಏನಂತ ಬರೆಯಲಿ ಅಂತ ಅದರಲ್ಲಿ ಕೇಳುತ್ತಾನೆ.