ಲೋ-ಕಟ್ ಒತ್ತುವ ಮೊದಲು ತಂಬೂರಿಯ ಖರ್ಜ ಕೇಳಿ

"ಲೋ-ಕಟ್, ಆಟೋ ಲೆವೆಲ್ ಎರಡನ್ನೂ ಆನ್ ಮಾಡಿಟ್ಟರೆ ಕಛೇರಿ ರೆಕಾರ್ಡಿಂಗಿನಲ್ಲಿ ಗದ್ದಲವೇ ಇರದು" ಎಂದು ಬರೆದಿದ್ದೀರಿ. ಲೋ-ಕಟ್ ಎಂದರೆ ತಗ್ಗಿನ ಸದ್ದನ್ನು ಕತ್ತರಿಸುವ ಫಿಲ್ಟರ್, ಆಟೋ ಲೆವೆಲ್ ಎಂದರೆ ಸದ್ದಿನ ಮಟ್ಟವನ್ನು ರೆಕಾರ್ಡರೇ ಹೊಂದಿಸಿಕೊಳ್ಳುವುದು. ಆಟೋ ಲೆವೆಲ್ ವಿಷಯದಲ್ಲಿ ಇದು ಪೂರ್ತಿ ತಪ್ಪು. ಆಲಾಪದ ನಡುವೆ ಗಾಯಕರು ಉಸಿರೆಳೆದುಕೊಳ್ಳುವ ಎರಡು ಸೆಕೆಂಡಿನಲ್ಲೇ ರೆಕಾರ್ಡರ್ ತಾನಾಗಿ ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಏರಿಸುತ್ತದೆ. ಫ್ಯಾನಿನ ಸದ್ದು, ಹಿಂದಿನ ಸಾಲಿನ ಕೆಮ್ಮು ಎಲ್ಲ ಭುಸ್ಸೆಂದು ಮೇಲೇಳುತ್ತವೆ, ಹಾಡು ಮತ್ತೆ ಶುರುವಾದೊಡನೆ ಅಡಗುತ್ತವೆ. ಈ ಏರಿಳಿತವನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ರೆಕಾರ್ಡರನ್ನು 24 ಬಿಟ್‌ನಲ್ಲಿಟ್ಟು, ವೇಗದ ಭಾಗವಾದ ದ್ರುತ್‌ನ ಜೋರು ಪೀಕ್ (ಸದ್ದಿನ ತುದಿ) ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನನ್ನು ಕೈಯಲ್ಲೇ ಹೊಂದಿಸಿ.

ಲೋ-ಕಟ್ ಕೂಡ ಕಣ್ಣು ಮುಚ್ಚಿ ಒತ್ತುವ ಗುಂಡಿಯಲ್ಲ. ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಹಾಡುವವರ ತಂಬೂರಿಯ ಖರ್ಜ (ಅತಿ ತಗ್ಗಿನ ತಂತಿಯ ಸ್ವರ) ಸುಮಾರು 69 ಹರ್ಟ್ಜ್. 80ಕ್ಕೆ ಕತ್ತರಿಸಿದರೆ ಅದರ ಬುಡವೇ ಸೊರಗುತ್ತದೆ, ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಗುಮುಕೂ ಬಡವಾಗುತ್ತದೆ. ಪುಣೆಯ ಡಿಸೆಂಬರ್ ಕಛೇರಿಗಳ ಪೆಂಡಾಲಿನಲ್ಲಿ ಗಾಳಿಯ ಸದ್ದು ತಡೆಯಲು ಮೊದಲು ಮೈಕಿಗೆ ತುಪ್ಪಳದ ಕವಚ ಹಾಕಿ. ಬರೀ ಸ್ಪಂಜಿನ ಟೋಪಿ ಸಾಲದು.

ಮುಂಬೈಯ ನಮ್ಮ ಕನ್ನಡ ಸಂಘಗಳ ಹಲಗೆ ವೇದಿಕೆಯಲ್ಲಿ ಇನ್ನೊಂದು ಕಾಟ, ಹೆಜ್ಜೆ ಸದ್ದು. ಸ್ಟ್ಯಾಂಡಿನ ಮೂರೂ ಕಾಲಿನಡಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಡಿ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ, ಗುಂಯ್‌ಗುಡುವ ಸದ್ದು ಹೆಚ್ಚಾಗಿ ಅಲ್ಲಿಂದಲೇ ಬರುವುದು.