ಒಂದು ಸಾಲು ಹೇಳಿದ್ರೆ ಸಾಕಿತ್ತು

ನಿನ್ನೆ ಸೆಟ್‌ನಲ್ಲಿ ನೋಡಿದ್ದು ಇನ್ನೂ ಮನಸ್ಸಿಂದ ಹೋಗಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಕೂರೋಕೆ ಆಗ್ತಿಲ್ಲ, ಬರೀತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಸೀರಿಯಲ್ಲಿನ ಆಸ್ಪತ್ರೆ ಸೀನ್. ಕಾರಿಡಾರ್‌ನಲ್ಲಿ ನಾಯಕಿ ಬೆಂಚಿನ ಮೇಲೆ ಕೂತಿರ್ತಾಳೆ, ಡಾಕ್ಟರ್ ಪಾತ್ರದವರು ಬಾಗಿಲು ತೆಗೆದು ಹೊರಗೆ ಬರ್ತಾರೆ. ಹಿಂದುಗಡೆ ನಾವು ಜೂನಿಯರ್ ಆರ್ಟಿಸ್ಟ್‌ಗಳು. ನರ್ಸುಗಳು, ವಾರ್ಡ್ ಬಾಯ್, ರೋಗಿಗಳ ಕಡೆಯವರು. ನನ್ನದು ಫೈಲ್ ಹಿಡ್ಕೊಂಡು ಎಡದಿಂದ ಬಲಕ್ಕೆ ಒಂದು ಪಾಸಿಂಗ್. ಹೊಸದಾಗಿ ಬಂದಿದ್ದ ಒಬ್ಬ ಹುಡುಗಿಗೆ ನರ್ಸ್ ಡ್ರೆಸ್ ಹಾಕಿಸಿ, 'ಆ ಕಂಬದ ಹತ್ರದಿಂದ ಬಾ, ಈ ನರ್ಸ್ ಜೊತೆ ನಿಂತು ಮಾತಾಡು, ಆಮೇಲೆ ಹೋಗು' ಅಂದ್ರು. ಅಷ್ಟೇ. ಮಾತಾಡು ಅಂದ್ರೆ ನಮ್ಮಲ್ಲಿ ಸದ್ದು ಬರದ ಹಾಗೆ ಬರೀ ತುಟಿ ಆಡಿಸೋದು. ಅವಳು ಅದನ್ನ ಚೆನ್ನಾಗೇ ಮಾಡಿದಳು. ಎದುರಿಗೆ ಸಿಕ್ಕ ನರ್ಸನ್ನ ದಿನಾ ಜೊತೆಗೆ ಕೆಲಸ ಮಾಡೋರ ಹಾಗೆ ನೋಡಿ, ಏನೋ ಕೇಳಿ, ಮುಖ ಅರಳಿಸಿ ನಕ್ಕಳು. ಅದೇ ಗಳಿಗೆಗೆ ಮುಂದೆ ನಾಯಕಿ ಕುಸಿದು ಅಳೋಕೆ ಶುರು ಮಾಡಿದ್ದಾಳೆ. ಫ್ರೇಮ್ ಮೂಲೆಯಲ್ಲಿ ಆ ನಗು.

ಕಟ್! ಮೈಕಿನಲ್ಲಿ ಗುಡುಗು. 'ಯಾರಮ್ಮಾ ಅದು ಹಲ್ಲು ಕಿರೀತಿರೋದು? ಅಲ್ಲಿ ಸಾವಾಗಿದೆ, ನಿಂಗೆ ನಗು ಬರುತ್ತಾ?'

ಇಡೀ ಯೂನಿಟ್ ತಿರುಗಿ ಅವಳನ್ನ ನೋಡಿತು. ಲೈಟ್ ಹಿಡಿದವರು, ಮೇಕಪ್‌ನವರು, ಎಲ್ರೂ. ಸಾವಾಗಿದೆ ಅನ್ನೋದು ಅವಳಿಗೆ ಗೊತ್ತಾಗಿದ್ದೇ ಆ ಬೈಗುಳದಿಂದ. ನಮಗೂ ಅಷ್ಟೇ. ಪಕ್ಕಕ್ಕೆ ಬಂದು ನಿಂತಾಗ 'ಅಣ್ಣಾ, ನಂಗೆ ಯಾರೂ ಹೇಳಿರ್ಲಿಲ್ಲ' ಅಂದಳು. ಕೈ ನಡುಗ್ತಿತ್ತು. ನಿನ್ನ ತಪ್ಪಿಲ್ಲಮ್ಮ ಅಂತ ಹೇಳಿದೆ. ನನ್ನ ಕೋಪ ಮಾತ್ರ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ.

ನಾನು ಕೇಳೋದು ಇಷ್ಟೇ. ಸೀನ್ ಏನು ಅಂತ ಹಿಂದೆ ನಿಲ್ಲೋರಿಗೂ ಒಂದು ಸಾಲು ಹೇಳೋಕೆ ಏನು ಕಷ್ಟ? ಎಲ್ಲಿಂದ ಎಲ್ಲಿಗೆ ನಡೀಬೇಕು ಹೇಳ್ತಾರೆ. ಯಾವ ಮಾತಿಗೆ ಹೊರಡಬೇಕು ಹೇಳ್ತಾರೆ. ಕ್ಯಾಮೆರಾ ನೋಡಬೇಡಿ ಅಂತ ಹತ್ತು ಸಲ ಹೇಳ್ತಾರೆ. ಅಲ್ಲಿ ಏನು ನಡೀತಿದೆ ಅನ್ನೋದು ಮಾತ್ರ ಹೇಳಲ್ಲ. ಜಗಳವಾ, ಸಾವಾ, ಸಂಭ್ರಮವಾ, ಕಳ್ಳತನ ಬಯಲಾಗೋ ಹೊತ್ತಾ, ನಾವೇ ಊಹೆ ಮಾಡ್ಕೋಬೇಕು. ಊಹೆ ತಪ್ಪಿದ್ರೆ ಬೈಗುಳ ಗ್ಯಾರಂಟಿ.

ನನ್ನ ಸ್ನೇಹಿತರಲ್ಲೂ ಎಷ್ಟೋ ಜನ 'ಸುಮ್ನೆ ಓಡಾಡೋದು ತಾನೇ' ಅಂತೀರಿ. ಇಲ್ಲ ಸ್ವಾಮಿ. ಒಂದು ಪಾರ್ಟಿ ಸೀನ್ ತಗೊಳ್ಳಿ. ಮುಂದೆ ಡೈಲಾಗ್ ರೆಕಾರ್ಡ್ ಆಗ್ತಿದ್ರೆ ಹಾಡು ನಿಲ್ಲಿಸಿಬಿಡ್ತಾರೆ. ಆ ಮೌನದಲ್ಲಿ, ಕಿವಿಗೆ ಕೇಳದ ತಾಳಕ್ಕೆ ಎಲ್ರೂ ಒಂದೇ ಹದದಲ್ಲಿ ಕುಣೀಬೇಕು. ಚಪ್ಪಾಳೆ ತಟ್ಟಬೇಕು, ಆದ್ರೆ ಅಂಗೈ ಅಂಗೈಗೆ ತಾಗಬಾರದು. ಹೆಜ್ಜೆ ಸದ್ದು ಮೈಕಿಗೆ ಬೀಳಬಾರದು ಅಂತ ಎಷ್ಟೋ ಸಲ ಚಪ್ಪಲಿ ಅಡಿಗೆ ಬಟ್ಟೆ ಅಂಟಿಸ್ಕೊಂಡು ನಡೀತೀವಿ. ಖಾಲಿ ಸೂಟ್‌ಕೇಸ್‌ಗೆ ಭಾರ ಇದೆ ಅಂತ ಭುಜ ಹೇಳಬೇಕು. ಮೊದಲು ವೈಡ್ ಶಾಟ್ ತೆಗೀತಾರೆ, ಆಮೇಲೆ ಒಬ್ಬೊಬ್ಬರದೇ ಕ್ಲೋಸಪ್, ಆಮೇಲೆ ಕ್ಯಾಮೆರಾ ಈ ಕಡೆಯಿಂದ ಆ ಕಡೆಗೆ. ಪ್ರತಿ ಸಲವೂ ನಾನು ಅದೇ ಕೈಯಲ್ಲಿ ಫೈಲ್ ಹಿಡಿದು, ಅದೇ ಮಾತಿಗೆ ಹೊರಟು, ಅದೇ ಜಾಗದಲ್ಲಿ ತಲೆ ಎತ್ತಬೇಕು. ಮೊದಲ ಶಾಟ್‌ನಲ್ಲಿ ಎಡಗೈಲಿದ್ದ ಫೈಲು ಕ್ಲೋಸಪ್‌ನಲ್ಲಿ ಬಲಗೈಗೆ ಬಂದಿದ್ರೆ ಎಡಿಟಿಂಗ್ ಟೇಬಲ್ ಮೇಲೆ ಎರಡು ಶಾಟ್ ಕೂಡಲ್ಲ, ಕಂಟಿನ್ಯುಟಿ ಹೋಯ್ತು. ಇದನ್ನೆಲ್ಲ ನೆನಪಿಟ್ಟುಕೊಳ್ಳೋ ತಲೆಗೆ, ಒಳಗೆ ಯಾರೋ ತೀರಿಕೊಂಡಿದ್ದಾರೆ ಅನ್ನೋ ಒಂದು ಸಾಲು ಹೆಚ್ಚಾಗಿಬಿಡುತ್ತಾ?

ಈಗ ಹೇಳೋದನ್ನ ಇಲ್ಲಿ ಬರೀಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಅಪ್ಪ ಹೋದ ದಿನ ನಾನು ನಿಜವಾದ ಆಸ್ಪತ್ರೆ ಕಾರಿಡಾರ್‌ನಲ್ಲಿ ನಿಂತಿದ್ದೆ. ಡಾಕ್ಟರ್ ಹೇಳ್ತಿದ್ದಾಗ ಹಿಂದುಗಡೆ ಇಬ್ಬರು ಸಿಬ್ಬಂದಿ ಯಾವುದೋ ವಿಷಯಕ್ಕೆ ನಗ್ತಾ ಹೋದ್ರು. ಅವರಿಗೇನು ಗೊತ್ತು ಪಾಪ, ಅವರ ಡ್ಯೂಟಿ ಮುಗಿದಿತ್ತೇನೋ. ಡಾಕ್ಟರ್ ಆಡಿದ ಮಾತು ನನಗೆ ಸರಿಯಾಗಿ ನೆನಪಿಲ್ಲ, ಆ ನಗು ಇವತ್ತಿಗೂ ಕಿವಿಯಲ್ಲಿದೆ. ಜಗತ್ತು ನಮ್ಮ ದುಃಖಕ್ಕೆ ನಿಲ್ಲಲ್ಲ ಅಂತ ನನಗೆ ಆವತ್ತು ಗೊತ್ತಾಯ್ತು. ಹಾಗಾಗಿ ನಿನ್ನೆ ಆ ಹುಡುಗಿ ನಕ್ಕಿದ್ದು ನನ್ನ ಕಣ್ಣಿಗೆ ತಪ್ಪಾಗಿ ಕಾಣಲೇ ಇಲ್ಲ. ಬೇಕು ಅಂತಲೇ ಆ ನಗುವನ್ನ ಇಟ್ಟುಕೊಂಡಿದ್ರೆ ಆ ಶಾಟ್ ನೋಡಿದವರ ಎದೆ ಹಿಂಡುತ್ತಿತ್ತು. ಬೇಡ ಅನ್ನೋದೂ ನಿರ್ದೇಶಕರ ಹಕ್ಕು, ಒಪ್ತೀನಿ. ಆದ್ರೆ 'ನೀನು ನರ್ಸ್, ಒಳಗೆ ಏನಾಗಿದೆ ನಿಂಗೆ ಗೊತ್ತು' ಅಂತಲೋ, 'ನಿಂಗೆ ಗೊತ್ತಿಲ್ಲ' ಅಂತಲೋ ಮೊದಲೇ ಹೇಳಬೇಕು ತಾನೇ? ಅದನ್ನ ಹೇಳದೆ ಅವಳು ನಡೆಯೋದು ಹೇಗೆ? ಗೊತ್ತಿದ್ದವಳ ನಡಿಗೆ ಬೇರೆ, ಗೊತ್ತಿಲ್ಲದವಳ ನಡಿಗೆ ಬೇರೆ.

ಟೈಮ್ ಎಲ್ಲಿದೆ ಅಂತಾರೆ. ದಿನಕ್ಕೆ ಇಷ್ಟು ಸೀನ್ ಮುಗಿಸಲೇಬೇಕು, ಎಪಿಸೋಡ್ ಕಳಿಸಬೇಕು, ಅಸಿಸ್ಟೆಂಟ್ ಡೈರೆಕ್ಟರ್ ತಲೆ ಮೇಲೆ ನೂರೆಂಟು ಜವಾಬ್ದಾರಿ. ನಾನೂ ದಿನಾ ನೋಡ್ತೀನಿ, ಆ ಹುಡುಗರು ನೀರು ಕುಡಿಯೋಕೂ ಬಿಡುವಿಲ್ಲದೆ ಓಡ್ತಿರ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ. ನಿನ್ನೆ ಆ ಒಂದು ಟೇಕ್ ಹೋಯ್ತು, ನಾಯಕಿಯ ಕಣ್ಣೀರು ಹೋಯ್ತು, ಮತ್ತೆ ಮೇಕಪ್ ಸರಿ ಮಾಡಿ, ಅವರು ಮತ್ತೆ ಆ ಭಾವಕ್ಕೆ ಬರೋವರೆಗೆ ಇಡೀ ಯೂನಿಟ್ ಕಾದು ನಿಂತಿತ್ತು. ಒಂದು ಸಾಲು ಹೇಳೋಕೆ ಹತ್ತು ಸೆಕೆಂಡ್ ಸಾಕು. ಟೈಮ್ ಉಳಿಸೋರು ಹೀಗೆ ಉಳಿಸ್ತಾರಾ?

ಇನ್ನು ಕೆಲವರು 'ಕಥೆ ಲೀಕ್ ಆಗುತ್ತೆ' ಅಂತಾರೆ. ನಮ್ಮ ಕಣ್ಣೆದುರೇ ಸೀನ್ ನಡೆಯುತ್ತೆ, ಎಲ್ಲ ಡೈಲಾಗ್ ಕಿವಿಗೆ ಬೀಳುತ್ತೆ. ಆಮೇಲೆ ಯಾವ ಗುಟ್ಟು?

ಹಿಂದೆ ನಿಲ್ಲೋರಿಗೆ ವಿಷಯ ಗೊತ್ತಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಸಾಕ್ಷಿ ಇದೆ. ರಿಚರ್ಡ್ ಅಟೆನ್‌ಬರೋ ಅವರ 1982ರ 'ಗಾಂಧಿ' ಚಿತ್ರದ ಶವಯಾತ್ರೆ ದೃಶ್ಯ. ಅದನ್ನ ದೆಹಲಿಯಲ್ಲಿ 1981ರ ಜನವರಿ 31ರಂದು ಚಿತ್ರೀಕರಿಸಿದ್ರು, ಗಾಂಧೀಜಿ ಅಂತ್ಯಕ್ರಿಯೆಯಾಗಿ ಸರಿಯಾಗಿ 33 ವರ್ಷ ಆದ ದಿನ. ಸುಮಾರು 3 ಲಕ್ಷ ಜನ ಸೇರಿದ್ರು ಅಂತ ದಾಖಲೆಯಲ್ಲಿದೆ, ಅದರಲ್ಲಿ ಬಹುಪಾಲು ಜನ ದುಡ್ಡು ಪಡೆಯದೆ ತಾವಾಗೇ ಬಂದವರು. ಅಷ್ಟು ಜನಕ್ಕೆ ಒಬ್ಬೊಬ್ಬರ ಹತ್ರ ಹೋಗಿ ಮುಖ ಹೇಗಿಟ್ಟುಕೋಬೇಕು ಅಂತ ಯಾರು ಹೇಳೋಕೆ ಸಾಧ್ಯ? ಹೇಳೋ ಅಗತ್ಯವೂ ಇರಲಿಲ್ಲ. ಅದು ಯಾರ ಶವಯಾತ್ರೆ ಅಂತ ಬಂದವರಿಗೆಲ್ಲ ಗೊತ್ತಿತ್ತು. 3 ಲಕ್ಷ ಜನರಿಗೆ ತಿಳಿಸಿ ಸೀನ್ ತೆಗೆಯೋಕೆ ಆಗೋದಾದ್ರೆ ಕಾರಿಡಾರ್‌ನಲ್ಲಿ ನಿಂತ ನಾಲ್ಕಾರು ಜನಕ್ಕೆ ತಿಳಿಸೋದು ಯಾಕಾಗಲ್ಲ?

ನನ್ನ ನಿಜವಾದ ಭಯ ಬೇರೆ ಇದೆ. 2023ರಲ್ಲಿ ಅಮೆರಿಕದಲ್ಲಿ ನಟರ ಸಂಘ ಸ್ಯಾಗ್-ಆಫ್ಟ್ರಾ ಜುಲೈ 14ರಿಂದ ನವೆಂಬರ್ 9ರ ತನಕ 118 ದಿನ ಮುಷ್ಕರ ಮಾಡಿತಲ್ಲ, ಆಗ ನಮ್ಮಂಥವರ ವಿಷಯವೂ ದೊಡ್ಡದಾಗಿ ಎದ್ದಿತ್ತು. ಹಿನ್ನೆಲೆ ಕಲಾವಿದರ ದೇಹವನ್ನ ಒಂದು ದಿನದ ಸಂಬಳ ಕೊಟ್ಟು ಸ್ಕ್ಯಾನ್ ಮಾಡಿಕೊಂಡು, ಆ ಪ್ರತಿರೂಪವನ್ನ ಕಾಯಂ ಆಗಿ ಬಳಸಿಕೊಳ್ಳೋಕೆ ಸ್ಟುಡಿಯೋಗಳು ನೋಡ್ತಿವೆ ಅಂತ ಸಂಘ ಹೇಳಿತು. ಸ್ಟುಡಿಯೋಗಳ ಒಕ್ಕೂಟ ಹಾಗಲ್ಲ ಅಂತು. ಕೊನೆಗೆ ಒಪ್ಪಂದದಲ್ಲಿ ಕಲಾವಿದರ ಒಪ್ಪಿಗೆ ಇಲ್ಲದೆ ಅವರ ಡಿಜಿಟಲ್ ಪ್ರತಿರೂಪ ಬಳಸೋ ಹಾಗಿಲ್ಲ ಅನ್ನೋ ಷರತ್ತು ಸೇರಿತು. ಅವರಿಗೆ ಗಟ್ಟಿ ಸಂಘ ಇತ್ತು, ಬೀದಿಗಿಳಿದು ಕೇಳಿದ್ರು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಕಂಪ್ಯೂಟರಿನಲ್ಲಿ ಮಾಡಿದ ಆಕಾರಕ್ಕೆ ಸೀನ್ ಏನು ಅಂತ ಹೇಳೋ ಅಗತ್ಯ ಇರಲ್ಲ. ಇಲ್ಲಿಂದ ಅಲ್ಲಿಗೆ ನಡಿ ಅಂದ್ರೆ ನಡೆಯುತ್ತೆ. ನಮ್ಮನ್ನೂ ಹಾಗೇ ನಡೆಸೋ ಅಭ್ಯಾಸ ಆದವರಿಗೆ, ಮುಂದೊಂದು ದಿನ ನಮ್ಮ ಜಾಗದಲ್ಲಿ ಅದನ್ನ ತಂದು ನಿಲ್ಲಿಸಿದ್ರೂ ಏನೂ ಕಳೆದುಕೊಂಡ ಹಾಗೆ ಅನಿಸಲ್ಲ. ಆ ಹುಡುಗಿ ನಿನ್ನೆ ನಕ್ಕಿದ್ದು ಅವಳು ಮನುಷ್ಯಳು ಅನ್ನೋ ಕಾರಣಕ್ಕೆ. ಯಾರೂ ಹೇಳದಿದ್ರೂ ತನ್ನ ಪಾತ್ರಕ್ಕೆ ಒಂದು ಗೆಳತಿಯನ್ನ, ಒಂದು ದಿನವನ್ನ ತಾನೇ ಕಟ್ಟಿಕೊಂಡಿದ್ದಳು. ಅದಕ್ಕೆ ಸಿಕ್ಕಿದ್ದು ಮೈಕಿನಲ್ಲಿ ಬೈಗುಳ.

ಎಲ್ರೂ ಹೀಗೇ ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. ಒಬ್ಬರು ಅಸೋಸಿಯೇಟ್ ಡೈರೆಕ್ಟರ್ ಇದ್ರು. ಬಸ್ ಸ್ಟ್ಯಾಂಡ್ ಸೀನ್‌ಗೆ ನಮ್ಮೆಲ್ಲರನ್ನ ಸುತ್ತ ಕೂರಿಸಿಕೊಂಡು 'ಇದು ಕೊನೇ ಬಸ್ಸು. ತಪ್ಪಿಸಿಕೊಂಡ್ರೆ ಬೆಳಗ್ಗೆವರೆಗೂ ಇಲ್ಲೇ' ಅಂದ್ರು. ಅಷ್ಟೇ ಸಾಕಾಯ್ತು. ಒಬ್ಬರು ಮತ್ತೆ ಮತ್ತೆ ಗಡಿಯಾರ ನೋಡಿದ್ರು, ಒಬ್ಬಮ್ಮ ಚೀಲವನ್ನ ಕೆಳಗಿಡದೆ ಕೈಲೇ ಹಿಡ್ಕೊಂಡು ನಿಂತ್ರು, ನಾನು ರಸ್ತೆ ತಿರುವಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಒಂದೇ ಟೇಕ್‌ನಲ್ಲಿ ಓಕೆ ಆಯ್ತು. ಆ ಎಪಿಸೋಡ್ ಬಂದಾಗ ನಾಯಕ ಏನು ಮಾತಾಡಿದ ಅಂತ ನಾನು ಕೇಳಿಸಿಕೊಳ್ಳಲೇ ಇಲ್ಲ, ಹಿಂದುಗಡೆ ನಿಂತ ನಮ್ಮವರನ್ನೇ ನೋಡ್ತಿದ್ದೆ. ಎಲ್ಲರ ಮುಖದಲ್ಲೂ ಆ ಕೊನೇ ಬಸ್ಸಿತ್ತು. ಈ ಕೆಲಸ ನನಗೆ ಇಷ್ಟ ಆಗೋದು ಇಂಥ ದಿನಗಳಿಗೋಸ್ಕರ. ಡೈಲಾಗ್ ಬೇಕು, ಹೀರೋ ಆಗಬೇಕು ಅನ್ನೋ ಆಸೆ ನನಗಿಲ್ಲ, ನಂಬಿ. ಹಿಂದೆ ನಿಂತು ಆ ಜಾಗವನ್ನ ನಿಜ ಮಾಡೋದೇ ನನಗೆ ತೃಪ್ತಿ.

ನನ್ನ ಲಿಸ್ಟ್‌ನಲ್ಲಿ ಡೈರೆಕ್ಷನ್ ಟೀಮಿನವರು ಸುಮಾರು ಜನ ಇದ್ದೀರಿ. ನಿಮ್ಮಲ್ಲೇ ಕೇಳ್ತೀನಿ. ಶಾಟ್ ರೆಡಿ ಅನ್ನೋದಕ್ಕೆ ಮುಂಚೆ ಒಂದು ಸಲ ನಮ್ಮ ಕಡೆ ತಿರುಗಿ. ಜಾಗ ಯಾವುದು, ಮುಂದೆ ಏನು ನಡೀತಿದೆ, ಅದು ನಮಗೆ ಕೇಳಿಸುತ್ತಾ ಇಲ್ಲವಾ, ಇಷ್ಟು ಹೇಳಿ.

ನಾಳೆ ಕೋರ್ಟ್ ಸೀನ್ ಇದೆ, ನಾವೆಲ್ಲ ಹಿಂದಿನ ಬೆಂಚಿನವರು. ತೀರ್ಪು ಯಾರ ಕಡೆ, ನಾವು ಯಾರ ಕಡೆಯವರು ಅಂತ ಕ್ಯಾಮೆರಾ ಆನ್ ಆಗೋಕೆ ಮೊದಲು ಕೈ ಎತ್ತಿ ಕೇಳೋದು ಅಂತ ತೀರ್ಮಾನ ಮಾಡಿದೀವಿ. ಆ ಹುಡುಗಿಗೂ ಫೋನ್ ಮಾಡಿ ಹೇಳಿದೀನಿ. ಮೊದಲು ಕೈ ಎತ್ತೋದು ತಾನೇ ಅಂತ ಹೇಳಿದ್ದಾಳೆ.